ಆರನೆಯ ಕಲ್ಲು

ಸಾತಗೇರಿಯ ಕೆರೆಯ ದಂಡೆಯ ಮೇಲೆ ಎಂಟುನೂರು ವರ್ಷಗಳಿಂದ ನಿಂತಿದ್ದ ಶಾಸನದ ಕಲ್ಲನ್ನು ೨೦೨೪ರ ಡಿಸೆಂಬರ್ ೨೧ರ ರಾತ್ರಿ ಯಾರೋ ಕಿತ್ತೊಯ್ದರು. ಕಲ್ಲು ಇದ್ದ ಜಾಗದಲ್ಲಿ ಒಂದು ತಗ್ಗು ಉಳಿಯಿತು.

ಮರುದಿನ ಭಾನುವಾರ. ಬೆಳಿಗ್ಗೆ ಒಂಬತ್ತೂವರೆಗೆ ಸಿಂದಗಿಯ ಬಸ್ಸಿನಿಂದ ಇಳಿದ ರಾವಸಾಬ ಮಾಸ್ತರರು, ಚಹಾದಂಗಡಿಯವರು ಕರೆದರೂ ನಿಲ್ಲದೆ, ಸಾತಗೇರಿ ಠಾಣೆಯ ಮೆಟ್ಟಿಲು ಹತ್ತಿದರು. ಕಲ್ಲು ಕಾಣೆಯಾದ ಸುದ್ದಿಯನ್ನು ಊರ ಹೊರಕೇರಿಯವರು ನಸುಕಿನಲ್ಲೇ ಅವರಿಗೆ ಫೋನ್ ಮಾಡಿ ಮುಟ್ಟಿಸಿದ್ದರು.

ಠಾಣೆಯ ಪಿಎಸ್ಐ ಸುಮಂಗಲಾ ಮಾಸ್ತರರನ್ನು ಹೆಸರಿನಿಂದ ಬಲ್ಲಳು. ಈ ಕಡೆ ಅವರನ್ನು ಅರಿಯದವರು ಕಡಿಮೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಮಕ್ಕಳಿಗೆ ಕೊಡೆ, ಕೋಳಿ, ಮಾವಿನಕಾಯಿ ಬರೆಯಲು ಕಲಿಸುತ್ತಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಊರೂರು ತಿರುಗಿ, ಹಾಳು ಬಾವಿಯ ಮೆಟ್ಟಿಲಲ್ಲಿ, ಅಗಸಿಯ ಗೋಡೆಯಲ್ಲಿ ಸಿಕ್ಕಿಕೊಂಡಿದ್ದ ಕಲ್ಲುಗಳನ್ನು ಓದಿ ಪುಸ್ತಕ ಬರೆದವರು. ಆ ಪುಸ್ತಕಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಹೆಗಲ ಚೀಲದಲ್ಲಿ ಹೊತ್ತು, ಬಸ್ ಸ್ಟ್ಯಾಂಡಿನಲ್ಲಿ ಕಂಡವರ ಕೈಗೆ ಹಿಡಿಸುವವರು. ಜನ ಹಿಂದಿನಿಂದ 'ಕಲ್ಲ ಮಾಸ್ತರ' ಎನ್ನುತ್ತಿದ್ದರು. ಎದುರಿಗೆ ಅಂದರೂ ಅವರಿಗೆ ಬೇಸರವಿರಲಿಲ್ಲ.

"ಕಲ್ಲು ಯಾರದ್ರಿ?" ಸುಮಂಗಲಾ ಕೇಳಿದಳು.

"ಊರದ್ರಿ. ದಂಡಿ ಪಂಚಾಯತಿದು."

"ಎಷ್ಟು ದೊಡ್ಡದಿತ್ತು?"

"ನೆಲದ ಮ್ಯಾಲ ನನ್ನ ಸ್ವಂಟದ ಮಟ. ಒಳಗ ಒಂದು ಮೊಳ."

"ಯಾರ ಮ್ಯಾಲರೆ ಸಂಶಯ?"

"ಕಂಡದ್ದಷ್ಟ ಬರಿಯಾಂವ್ರಿ ನಾ. ಸಂಶಯ ಬರಿಯಂಗಿಲ್ಲ."

ಫಿರ್ಯಾದಿ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಮೆಹರಾಜ ಪೆನ್ನು ಎತ್ತಿ ಕೂತ. ಕಳವಾದ ಮಾಲಿನ ಕಿಮ್ಮತ್ತು ಎಂಬ ಅಂಕಣ ಅವನೆದುರು ಖಾಲಿ ಇತ್ತು. ಹೊಸ ನ್ಯಾಯ ಸಂಹಿತೆಯ ಪ್ರಕಾರ ಐದು ಸಾವಿರದ ಒಳಗಿನ ಕಳವು ಪೊಲೀಸರು ತಾವಾಗಿ ದಾಖಲು ಮಾಡುವ ಗುನ್ನೆಯೇ ಅಲ್ಲ, ಕೋರ್ಟಿನ ಪರವಾನಗಿ ಬೇಕು ಎಂದು ಅವನು ಮೇಡಂಗೆ ಮೆಲ್ಲಗೆ ನೆನಪಿಸಿದ. ಹೊಲದ ಬದುವಿಗೆ ಹಾಕುವ ಕಲ್ಲಾದರೆ ನೂರು ರೂಪಾಯಿಗೆ ಒಂದು ಸಿಗುತ್ತದೆ ಎಂದೂ ಹೇಳಿದ. ಮಾಸ್ತರರು ಅವನನ್ನು ನೋಡಿದರು. ಸಿಟ್ಟಿನಿಂದಲ್ಲ, ತಪ್ಪು ಚಿತ್ರ ಬರೆದ ಹುಡುಗನನ್ನು ನೋಡಿದ ಹಾಗೆ.

"ತಜ್ಞರ ಅಭಿಪ್ರಾಯ ಬಂದ ಮ್ಯಾಲ ನಮೂದಿಸುವುದು ಅಂತ ಬರೀರಿ ಮೆಹರಾಜಣ್ಣಾ," ಎಂದಳು ಸುಮಂಗಲಾ. ೧೦:೪೦ಕ್ಕೆ ಎಫ್ಐಆರ್ ದಾಖಲಾಯಿತು.

ಆ ಕಲ್ಲಿನಲ್ಲಿ ಏನಿತ್ತು ಎಂಬುದನ್ನು ಮಾಸ್ತರರು ಜೀಪಿನಲ್ಲಿ ಹೇಳಿದರು. ಹೊರಕೇರಿಯ ಮಾಚವ್ವೆ ಎಂಬ ಹೆಣ್ಣುಮಗಳು ಈ ಕೆರೆ ಕಟ್ಟಿಸಿದಳು; ಕೆರೆಯ ಮೊದಲ ನೀರು ಅವಳ ಕೇರಿಯ ಭೂಮಿಗೆ. ಇಷ್ಟು, ಮತ್ತು ಕೊನೆಗೆ ಒಂದು ಶಾಪ: ಇದನ್ನು ಅಳಿದವನು ಗಂಗೆಯ ದಡದಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು.

ಸಾತಗೇರಿಯಲ್ಲಿ ಇದು ಸಣ್ಣ ಮಾತಲ್ಲ. ತಲೆಮಾರುಗಳಿಂದ ಈ ಕೆರೆಯ ಹೂಳು ಎತ್ತಿದವರು ಕೇರಿಯವರು. ಕೆರೆ ತುಂಬಿದಾಗ ಬಾಗಿನ ಬಿಟ್ಟವರು ಊರ ಧಣಿ ಬಸಂತರಾಯರ ಮನೆಯವರು. ಹೊತ್ತವರಿಗೆ ಬುಟ್ಟಿ, ಬಿಟ್ಟವರಿಗೆ ಹೆಸರು. ಊರೆಲ್ಲ ಆ ಮನೆಯನ್ನು 'ಕೆರೆ ಕಟ್ಟಿದವರ ಮನೆ' ಎಂದೇ ಕರೆಯುತ್ತಿತ್ತು. ಕಾಲುವೆಯ ನೀರಿನಿಂದ ಕೆರೆ ತುಂಬಿದ ಮೇಲೆ ದಂಡೆಗೆ ಒಂದು ಕಮಾನು ಕಟ್ಟಿ, ಅದರ ಮೇಲೆ ಬಸಂತರಾಯರ ಹಿರಿಯರ ಹೆಸರು ಬರೆಸಬೇಕೆಂದು ಪಂಚಾಯತಿ ಠರಾವು ಮಾಡಿತ್ತು. ಜನವರಿ ಇಪ್ಪತ್ತಾರಕ್ಕೆ ಅದರ ಉದ್ಘಾಟನೆ. ಅದಕ್ಕೂ ಮೊದಲೇ, ಜನವರಿ ಐದರ ಭಾನುವಾರ, ಮಾಚವ್ವೆಯ ಕತೆ ಇರುವ ಮಾಸ್ತರರ ಪುಸ್ತಕ ಸಿಂದಗಿಯಲ್ಲಿ ಬಿಡುಗಡೆಯಾಗುವುದಿತ್ತು.

"ನಿಮ್ಮ ಹತ್ರ ಫೋಟೊ, ಕಲ್ಲಿನ ಅಚ್ಚು ತಗದ ಹಾಳಿ ಅದಾವಲ್ರಿ. ಕಲ್ಲು ಹೋದ್ರ ಏನಾತು?" ಸುಮಂಗಲಾ ಕೇಳಿದಳು.

"ಹಾಳಿಗೆ ಮಸಿ ಯಾರರೆ ಬಳೀಬಹುದ್ರಿ ಮೇಡಂ. ನಾನ ಬರಕೊಂಡೇನಿ ಅಂತಾರ. ಲಚ್ಯಾಣದ ಕಡೆ ಕೇರ್ಯಾಗ ಹುಟ್ಟಿದಾಂವ, ತನ್ನ ಮಂದಿ ಸಲುವಾಗಿ ಸುಳ್ಳು ಬರದ ಅಂತಾರ. ಕಲ್ಲು ಇದ್ರ ಅದು ಮಾತಾಡತೈತಿ. ಇಲ್ಲಂದ್ರ ನಾ ಇಷ್ಟು ವರ್ಷ ಬರದದ್ದೆಲ್ಲ ಸುಳ್ಳಿನ ಲೆಕ್ಕಕ್ಕ ಹೋಗತೈತಿ."

ಸ್ಥಳ ಪಂಚನಾಮೆ ೧೧:೩೦ಕ್ಕೆ ಸುರುವಾಯಿತು. ತಗ್ಗಿನ ಅಂಚು ನೆಟ್ಟಗಿತ್ತು. ಹಾರೆಯಿಂದ ಜಜ್ಜಿರಲಿಲ್ಲ, ಸುತ್ತ ಕಲ್ಲಿನ ಒಂದು ಚಕ್ಕೆಯೂ ಬಿದ್ದಿರಲಿಲ್ಲ. ನೆಲಗಡಲೆಯ ಬುಡ ಬಿಡಿಸಿದ ಹಾಗೆ ಮಣ್ಣು ಬಿಡಿಸಿ ಎತ್ತಿದ್ದರು. ದಂಡೆಯ ಹಸಿಯಲ್ಲಿ ಟೈರಿನ ಚಕ್ಕಡಿಯ ಗುರುತು, ನಡುವೆ ಎತ್ತಿನ ಗೊರಸಿನ ಗುರುತು ಇದ್ದವು. ಚಕ್ಕಡಿ ಡಾಂಬರು ರಸ್ತೆಗೆ ಏರಿದ ಮೇಲೆ ಏನೂ ಇಲ್ಲ.

ತಗ್ಗಿನೊಳಗೆ ಇಳಿದ ಮೆಹರಾಜ ಏನನ್ನೋ ಎತ್ತಿ ಹಿಡಿದ. ಒಡೆದ ತೆಂಗಿನಕಾಯಿಯ ಹೋಳು. ಅದರ ಬುಡದಲ್ಲಿ ಮಣ್ಣಿಗೆ ಹತ್ತಿದ ಕುಂಕುಮ.

"ಮೂವತ್ತು ವರ್ಷದ ಸರ್ವಿಸಿನಾಗ ಕಾಯಿ ಒಡದು ಕಳವು ಮಾಡಿದ ಕಳ್ಳನ್ನ ಇವತ್ತ ನೋಡಾಕತ್ತೇನ್ರಿ ಮೇಡಂ," ಎಂದ.

ಸುಮಂಗಲಾ ನಗಲಿಲ್ಲ. ಶಾಪವನ್ನು ಓದಿದವರು, ಇಲ್ಲವೆ ಓದಿದ್ದನ್ನು ಕೇಳಿದವರು ಮಾತ್ರ ಹೀಗೆ ತಪ್ಪೊಪ್ಪಿಕೊಂಡು ಕೈ ಹಾಕುತ್ತಾರೆ. ಅಂಥವರು ಕಲ್ಲನ್ನು ಒಡೆಯುವುದಿಲ್ಲ, ಹಾಳುಬಾವಿಗೆ ತಳ್ಳುವುದಿಲ್ಲ. ಎಲ್ಲೋ ನಿಲ್ಲಿಸಿರುತ್ತಾರೆ. ಆದರೆ ಎಲ್ಲಿ?

ಈಗ ಊರಲ್ಲಿ ಟ್ರ್ಯಾಕ್ಟರ್‌ಗಳಿಗೆ ಬರವಿಲ್ಲ, ಎತ್ತು ಕಟ್ಟಿದ ಮನೆಗಳು ಬೆರಳೆಣಿಕೆ. ಒಂದೊಂದನ್ನೇ ನೋಡುತ್ತ ಮಧ್ಯಾಹ್ನ ಮೂರಕ್ಕೆ ಅವರು ಬಸಂತರಾಯರ ವಾಡೆಗೆ ಬಂದರು. ಅಲ್ಲಿ ಖಿಲಾರಿ ಎತ್ತಿನ ಜೋಡಿ ಇತ್ತು, ತೊಳೆದ ಚಕ್ಕಡಿ ಇತ್ತು. ಎಪ್ಪತ್ತರ ಬಸಂತರಾಯರು ತೂಗುಮಂಚದಿಂದ ಎದ್ದು ಬಂದು, ಮಾಸ್ತರರ ಕೈ ಹಿಡಿದು, ಇದೆಂಥ ಕೆಲಸ ಆಯಿತೆಂದು ಮರುಗಿದರು. ಹೆಂಡತಿ ಇಂದುಬಾಯಿ ಚಹಾ ತಂದಿಟ್ಟು ಒಳಗೆ ಹೋದಳು. ನಿನ್ನೆ ರಾತ್ರಿ ಎತ್ತು ದನದ ಮನೆಯಿಂದ ಹೊರಬಿದ್ದಿಲ್ಲ ಎಂದರು ರಾಯರು. ಚಕ್ಕಡಿ ಯಾಕೆ ತೊಳೆದದ್ದೆಂದರೆ, ಎಳ್ಳಮಾಸಿ ಹಬ್ಬ ಬಂತಲ್ಲ ಎಂದರು. ಎತ್ತು ನೋಡಿಕೊಳ್ಳುವ ಆಳು ಸುಭಾಸ ಎಲ್ಲಿ ಎಂದರೆ, ಬಾಗೇವಾಡಿ ಕಡೆಯ ಬೀಗರ ಊರಿಗೆ ರಾಶಿಗೆ ಕಳಿಸಿದ್ದೇನೆ, ಹಬ್ಬಕ್ಕೆ ಬರುತ್ತಾನೆ ಎಂದರು. ಎಲ್ಲದಕ್ಕೂ ಉತ್ತರ ಇತ್ತು. ದನದ ಮನೆ, ಕಾಳಿನ ಹಗೇವು, ಹಿತ್ತಲ ಬಾವಿ ನೋಡಿದರೂ ಕಲ್ಲು ಸಿಗಲಿಲ್ಲ.

ಹೊರಗೆ ಬಂದ ಮೇಲೆ ಸುಮಂಗಲಾ ಮಾಸ್ತರರನ್ನು ಕೇಳಿದಳು: ರಾಯರಿಗೆ ಆ ಶಾಪ ಗೊತ್ತಿತ್ತೆ? ಮಾಸ್ತರರು ಚಪ್ಪಲಿಯ ಮಣ್ಣು ಕೆರೆದುಕೊಳ್ಳುತ್ತ ನಿಂತರು. "ಕಲ್ಲು ಓದಿದ ದಿವಸ ಅವರೂ ದಂಡಿ ಮ್ಯಾಲಿದ್ರು," ಎಂದಷ್ಟೇ ಹೇಳಿದರು. ಅಷ್ಟು ಅವರು ಕಂಡದ್ದು.

ಮಂಗಳವಾರ ಎದುರು ಅರ್ಜಿ ಬಂತು. ತಂದವನು ಬಸಂತರಾಯರ ಮಗ, ಪಂಚಾಯತಿ ಸದಸ್ಯ ಅನೀಲಕುಮಾರ. ಕಲ್ಲಿನ ಮೇಲೆ ಮಾಸ್ತರ ಹೇಳಿದಂಥದ್ದೇನೂ ಇರಲಿಲ್ಲ, ಸುಳ್ಳು ಹೊರಬೀಳುತ್ತದೆಂದು ಅವನೇ ಕಲ್ಲು ಸಾಗಿಸಿದ್ದಾನೆ ಎಂಬುದು ಅರ್ಜಿಯ ಸಾರ. ಅರ್ಜಿಯ ಹಿಂದೆಯೇ ಮೇಲಿನ ಸಾಹೇಬರ ಫೋನ್ ಬಂತು. ಮಾಸ್ತರನನ್ನು ಕೂಡಿಸಿ ವಿಚಾರಿಸಬೇಕು, ಅವನ ಮನೆಯ ಜಡತಿ, ಶೋಧನೆ ಆಗಬೇಕು.

ಹೀಗೆ ಕಳವಿನ ಫಿರ್ಯಾದಿ ಕೊಟ್ಟವನು ಠಾಣೆಯ ಬೆಂಚಿನ ಮೇಲೆ ಕೂತ. ಮೇಲಿನವರ ಕಲ್ಲು ಹೋದರೆ ಪೊಲೀಸ್ ನಾಯಿಗಳು ಮೂಸುತ್ತ ಬರುತ್ತವೆ. ಕೇರಿಯ ಕಲ್ಲು ಹೋದರೆ ಕೇರಿಯವನ ಜೇಬು ತಡಕುತ್ತಾರೆ. ಮಾಸ್ತರರು ಮಾತ್ರ ಸುಮ್ಮನೆ ಕೂರುವ ಆಳಲ್ಲ. ಎದುರು ಗೋಡೆಯಲ್ಲಿ ಠಾಣೆಯ ಶಂಕುಸ್ಥಾಪನೆಯ ಕಲ್ಲಿತ್ತು. ಅದನ್ನೇ ಚೀಲದಲ್ಲಿದ್ದ ಹಾಳೆಗೆ ಇಳಿಸತೊಡಗಿದರು.

"ಇದನ್ನೂ ಬರಕೋತೀರೇನ್ರಿ?" ಮೆಹರಾಜ ಕೇಳಿದ.

"ನೂರು ವರ್ಷದ ಮ್ಯಾಲ ಯಾರರೆ ಕೇಳ್ತಾರ. ಮಂತ್ರಿ ಹೆಸರ ಐತಿ, ಗುತ್ತೇದಾರನ ಹೆಸರ ಐತಿ. ಕಲ್ಲು ಕಟದಾಂವನ ಹೆಸರ ಇಲ್ಲ. ಈಗಿನ ಕಲ್ಲಿಗಿಂತ ಆಗಿನ ಕಲ್ಲ ಪಾಡ ಇದ್ದವ್ರಿ ಹವಾಲ್ದಾರ್ರ."

ಮೆಹರಾಜ ಅವತ್ತು ತನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಅವರಿಗೆ ಕೊಟ್ಟ.

ಗುರುವಾರ ಮಾಸ್ತರರನ್ನು ಜೊತೆಗೆ ಕರೆದೊಯ್ದು ಸಿಂದಗಿಯಲ್ಲಿ ಅವರ ಮನೆ ಜಡತಿ ಮಾಡಿದರು. ಎರಡು ಖೋಲಿಯ ಮನೆ. ಗೋಡೆಗೆ ಬಾಬಾಸಾಹೇಬರ ಫೋಟೊ, ಅದರ ಪಕ್ಕ ಬುದ್ಧ. ಮಂಚದ ಕೆಳಗೆ ಮಾರಾಟವಾಗದ ಪುಸ್ತಕದ ಗಂಟುಗಳು, ಅಟ್ಟದ ಮೇಲೆ ಸುತ್ತಿಟ್ಟ ಅಚ್ಚಿನ ಹಾಳೆಗಳು, ಮೂಲೆಯಲ್ಲಿ ಗಟ್ಟಿ ಕೂದಲಿನ ಬ್ರಷ್ಷು, ಮಸಿಯ ಡಬ್ಬಿ. ಕಲ್ಲಿರಲಿಲ್ಲ. ಮಾಸ್ತರರ ಹೆಂಡತಿ ಗುಂಡವ್ವ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ಛಲೋ ಹುಡುಕ್ರಿ ಯವ್ವಾ. ಮಂಚದ ಬುಡಕ ಕಸಾ ಹೊಡದು ಯಾವ ಕಾಲ ಆತು. ಇವರು ಕಲ್ಲಿನ ಮಾರಿ ನೋಡಿದಷ್ಟು ನನ್ನ ಮಾರಿ ನೋಡಿದ್ರ, ಸಂಸಾರರೆ ನೆಟ್ಟಗಾಗ್ತಿತ್ತು."

ಆದರೆ ಅಚ್ಚು ತೆಗೆಯುವುದನ್ನು ಸುಮಂಗಲಾಗೆ ತೋರಿಸಿಕೊಟ್ಟವಳು ಅವಳೇ. ಒದ್ದೆ ಹಾಳೆಯನ್ನು ಕಲ್ಲಿಗೆ ಅಂಟಿಸಿ ಬ್ರಷ್ಷಿನಿಂದ ಬಡಿಯಬೇಕು. ಹಾಳೆ ಅಕ್ಷರದ ತಗ್ಗಿನೊಳಗೆ ಇಳಿಯುತ್ತದೆ. ಅರ್ಧ ಒಣಗಿದ ಮೇಲೆ ಮಸಿ ಒತ್ತಿದರೆ ಹಾಳೆ ಕರಿಯದಾಗಿ, ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಬಡಿಯುವ ಕೆಲಸ ಇಷ್ಟು ವರ್ಷವೂ ಗುಂಡವ್ವನದೇ. ಸಾತಗೇರಿಯ ಕಲ್ಲಿನ ಅಚ್ಚನ್ನು ಬಿಚ್ಚಿದಳು. ಮೇಲೆ ಸೂರ್ಯ ಚಂದ್ರ, ಹಸು ಕರು, ಬಲ ಮೂಲೆಯಲ್ಲಿ ಕುಡುಗೋಲಿನಾಕಾರದ ಒಂದು ಒಡಕು.

ಇಷ್ಟು ಕಲ್ಲು ಓದಿದ್ದೀರಿ, ಕಳವಾದದ್ದು ಇದೊಂದೇ ಏನು ಎಂದು ಸುಮಂಗಲಾ ಕೇಳಿದಳು.

ಮಾಸ್ತರರು ನಕ್ಕರು. "ಕಳ್ಳರು ಒಯ್ದದ್ದು ಕಡಿಮಿ ಮೇಡಂ. ದೇವರಾಗಿ ಹೋದದ್ದ ಬಾಳ. ಯಾರೋ ಒಂದಿಷ್ಟು ಸುಣ್ಣ ಹಚ್ಚಿ ಕುಂಕುಮ ಇಡ್ತಾರ. ಮರುವರ್ಷ ಮತ್ತೊಂದು ಪದರ. ಅಕ್ಷರ ಮುಚ್ಚತಾವ. ದೇವರಾದ ಕಲ್ಲನ್ನ ಯಾರೂ ಓದಂಗಿಲ್ಲ, ಯಾಕ ನಿಂತೈತಿ ಅಂತ ಕೇಳಂಗೂ ಇಲ್ಲ."

ಜಡತಿ ಪಂಚನಾಮೆಯಲ್ಲಿ ಮೆಹರಾಜ, ಮನೆಯಲ್ಲಿ ಕುಂಕುಮದ ಭರಣಿಯಾಗಲಿ ತೆಂಗಿನಕಾಯಿಯಾಗಲಿ ಇಲ್ಲ ಎಂದು ತಾನಾಗಿಯೇ ಒಂದು ಸಾಲು ಸೇರಿಸಿದ. ಅದನ್ನು ಓದಿ ಸುಮಂಗಲಾ ಸಹಿ ಮಾಡಿದಳು. ಠಾಣೆಗೆ ಮರಳಿದ ಮೇಲೆ, ಸಂಜೆ, ಮಾಸ್ತರರನ್ನು ಬೆಂಚಿನಿಂದ ಎಬ್ಬಿಸಿ ಮನೆಗೆ ಕಳಿಸಿದಳು. ಕಲ್ಲು ಸಿಗುವವರೆಗೂ ಪುಸ್ತಕದ ಬಿಡುಗಡೆ ಬೇಡ ಎಂದು ಮೇಲಿನವರು ಹೇಳಿದ್ದನ್ನೂ ಹೇಳಿದಳು. ಅದನ್ನು ಹೇಳುವಾಗ ಅವರ ಮುಖ ನೋಡಲು ಆಗಲಿಲ್ಲ.

ಡಿಸೆಂಬರ್ ೩೦, ಸೋಮವಾರ, ಅಮಾವಾಸ್ಯೆ. ಎಳ್ಳಮಾಸಿ.

ಅವತ್ತು ಊರುಗಳಲ್ಲಿ ಜನ ಇರುವುದಿಲ್ಲ. ಎಲ್ಲರೂ ಹೊಲದಲ್ಲಿ. ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಚಕ್ಕಡಿ ಹೂಡುತ್ತಾರೆ. ಬನ್ನಿಯ ಗಿಡದ ಬುಡದಲ್ಲಿ ಪಾಂಡವರನ್ನು ಕೂಡಿಸಿ, ಎಡೆ ಹಿಡಿದು, ಆ ಎಡೆಯನ್ನೇ ಪೈರಿನ ತುಂಬ ಚರಗವಾಗಿ ಚೆಲ್ಲುತ್ತಾರೆ. ಆ ದಿನ ಹೊಲದ ಹಾದಿಯಲ್ಲಿ ಹೋಗುವವರನ್ನು ಉಣ್ಣಿಸದೆ ಬಿಡುವ ರೂಢಿ ಈ ಭಾಗದಲ್ಲಿಲ್ಲ. ಬಿಟ್ಟರೆ ಭೂಮಿತಾಯಿ ಅರ್ಧ ಹೊಟ್ಟೆ ಉಂಡ ಹಾಗೆ.

ಬಂದೋಬಸ್ತಿನ ಜೀಪು ಮಧ್ಯಾಹ್ನ ಒಂದೂಕಾಲಿಗೆ ಯಂಕಂಚಿಯ ಕಡೆಯಿಂದ ತಿರುಗಿ ಬರುತ್ತಿತ್ತು. ರಸ್ತೆಯ ಪಕ್ಕದ ಹೊಲದಿಂದ ಹೆಂಗಸೊಬ್ಬಳು ಸೆರಗು ಬೀಸಿ ಕರೆದಳು. ಇಂದುಬಾಯಿ.

"ಎಳ್ಳಮಾಸಿ ದಿವಸ ಬರಿ ಹೊಟ್ಟೀಲೆ ಹೊಲಾ ದಾಟಬಾರ್ದವ್ವ. ಎಲ್ಲಾರೂ ಇಳೀರಿ."

ಅವಳ ಹಿಂದೆ ಬಸಂತರಾಯರು ಕೈಯಲ್ಲಿ ಚರಗದ ಬುಟ್ಟಿ ಹಿಡಿದು ನಿಂತಿದ್ದರು. ಅವರು ಬೇಡ ಎನ್ನುವ ಹಾಗಿರಲಿಲ್ಲ. ಇಂಥ ದಿನ ಕರೆದ ಅತಿಥಿಯನ್ನು ಬೇಡವೆಂದ ಒಕ್ಕಲಿಗ ಇನ್ನೂ ಹುಟ್ಟಿಲ್ಲ.

ಪೂಜೆ ಇನ್ನೂ ಮುಗಿದಿರಲಿಲ್ಲ. ಸುಮಂಗಲಾ ಚಪ್ಪಲಿ ಬಿಟ್ಟು ಬನ್ನಿಯ ನೆರಳಿಗೆ ಬಂದಳು. ಮುದ್ದೇಬಿಹಾಳದ ತವರು ಹೊಲದಲ್ಲಿ ಅವಳೂ ಸಣ್ಣವಳಿದ್ದಾಗ ಪಾಂಡವರನ್ನು ಕೂಡಿಸಿದವಳೇ. ಹೊಲದಲ್ಲೇ ಆಯ್ದ ಮುಷ್ಟಿಗಾತ್ರದ ಕಲ್ಲುಗಳು, ಸುಣ್ಣ, ಕೆಮ್ಮಣ್ಣಿನ ಗೆರೆ. ಇಲ್ಲಿಯೂ ಹಾಗೆಯೇ ಸಾಲಾಗಿ ಕೂತಿದ್ದವು. ಸಾಲಿನ ಕೊನೆಗೆ, ಗಿಡದ ಬೊಡ್ಡೆಗೆ ಒತ್ತಿಕೊಂಡು, ಮೊಣಕಾಲಿನಷ್ಟು ಎತ್ತರದ ಕಲ್ಲೊಂದು ನಿಂತಿತ್ತು. ಅದಕ್ಕೂ ಹಸಿ ಸುಣ್ಣ ಬಳಿದಿತ್ತು.

ಇಂದುಬಾಯಿ ಒಂದೊಂದಕ್ಕೂ ಕುಂಕುಮ ಇಟ್ಟು, ಎಲೆಯ ಮೇಲೆ ಕಡುಬು, ಭಜ್ಜಿ ಬಡಿಸಿ, ಮುಂದೆ ಸರಿಯುತ್ತ ಹೋದಳು. ಐದಕ್ಕೂ ಎಡೆ ಹಿಡಿದು ಎದ್ದು ನಿಂತಳು. ಕೊನೆಯದನ್ನು ನೋಡಲೂ ಇಲ್ಲ. ಆಗ ಬಸಂತರಾಯರು ತಾವೇ ಬಗ್ಗಿ, ಅದಕ್ಕೊಂದು ಎಡೆ ಇಟ್ಟು ಕೈ ಮುಗಿದರು.

ಸುಮ್ಮನೆ ಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಶಾಪ ಹೊತ್ತ ಕಲ್ಲನ್ನು ಹಬ್ಬದ ದಿನ ಉಪವಾಸ ಕೆಡವಲು ಆ ಮನುಷ್ಯನಿಗೆ ಧೈರ್ಯ ಸಾಲಲಿಲ್ಲ.

"ಪಾಂಡವರು ಎಷ್ಟ ಮಂದ್ರಿ ರಾಯರ?" ಸುಮಂಗಲಾ ಕೇಳಿದಳು.

ಎತ್ತಿಗೆ ಮೇವು ಹಾಕುತ್ತಿದ್ದ ಸುಭಾಸ ಅಲ್ಲಿಯೇ ನಿಂತ. ಸುಮಂಗಲಾ ಬೊಡ್ಡೆಗೂ ಕಲ್ಲಿಗೂ ನಡುವಿನ ಸಂದಿಯಲ್ಲಿ ಕೈ ತೂರಿಸಿದಳು. ಬೆರಳಿಗೆ ಸುಣ್ಣ ಹತ್ತಿತು. ಸುಣ್ಣದ ಕೆಳಗೆ ಬೆರಳಿಗೆ ಅಕ್ಷರ ಸಿಕ್ಕವು.

ಅನೀಲಕುಮಾರ ಚಕ್ಕಡಿಯ ನೆರಳಿನಿಂದ ಎದ್ದು ಬಂದ. ಈ ಕಲ್ಲು ತಮ್ಮ ಮುತ್ತ್ಯಾನ ಕಾಲದಿಂದ ಇಲ್ಲೇ ಇದೆ, ವರ್ಷವೂ ಪೂಜೆ ಆಗುತ್ತದೆ, ದೇವರನ್ನು ಮುಟ್ಟಿದರೆ ಊರು ಸುಮ್ಮನಿರುವುದಿಲ್ಲ ಎಂದ. ತಾಯಿಯ ಕಡೆ ತಿರುಗಿ, ನೀನು ಲಗ್ನವಾಗಿ ಬಂದಾಗಿನಿಂದ ನೋಡಿಲ್ಲವೇನು, ಹೇಳು ಎಂದ.

ಇಂದುಬಾಯಿ ಕೈಯಲ್ಲಿದ್ದ ಎಡೆಯ ತಟ್ಟೆಯನ್ನು ಕೆಳಗಿಟ್ಟಳು. "ನಾ ಈ ಮನಿಗೆ ಬಂದಾಗಿಂದ ಐದಕ್ಕ ಹಿಡದೇನಿ, ಐದಕ್ಕ ಹಿಡೀತೇನಿ. ಇದ್ಯಾರದೋ ನನಗ ಗೊತ್ತಿಲ್ಲ." ಗಂಡನ ಮುಖ ನೋಡದೆ ಅಷ್ಟು ಹೇಳಿ, ಪೊಲೀಸರಿಗೆ ಎಲೆ ಹಾಕಲು ಹೋದಳು. ಊಟಕ್ಕೆ ಕರೆದ ಮೇಲೆ ಬಡಿಸದೆ ಇರಲಾಗುತ್ತದೆಯೇ?

ಜಪ್ತಿ ಪಂಚನಾಮೆ ೨:೧೦ಕ್ಕೆ ಸುರುವಾಯಿತು. ಅಕ್ಕಪಕ್ಕದ ಹೊಲಗಳಿಂದ ಇಬ್ಬರನ್ನು ಪಂಚರಾಗಿ ಕರೆಸಿದರು. ಅರ್ಧಕ್ಕಿಂತ ಹೆಚ್ಚು ನೆಲದಲ್ಲಿ ಹೂತಿದ್ದ ಕಲ್ಲನ್ನು ಅಗೆದು ಎಬ್ಬಿಸಿ, ಕುಡಿಯಲು ತಂದಿದ್ದ ಕೊಡದ ನೀರು ಸುರಿದಾಗ ಸುಣ್ಣ ಹಾಲಿನಂತೆ ಹರಿದು ಕಪ್ಪು ನೆಲದಲ್ಲಿ ಇಂಗಿತು. ಸೂರ್ಯ ಚಂದ್ರ ಬಂದವು. ಹಸು ಕರು ಬಂದವು. ಬಲ ಮೂಲೆಯಲ್ಲಿ ಕುಡುಗೋಲಿನಂಥ ಒಡಕು. ಸುದ್ದಿ ತಿಳಿದು ಕೇರಿಯವರು ತಮ್ಮ ಹೊಲ, ತಮ್ಮ ಎಲೆ ಬಿಟ್ಟು ಬಂದು ಬದುವಿನ ಮೇಲೆ ನಿಂತರು. ಸಿಂದಗಿಯಿಂದ ಯಾರದೋ ಬೈಕಿನ ಹಿಂದೆ ಕೂತು ಬಂದ ಮಾಸ್ತರರು ಮೊದಲು ಕಲ್ಲಿನ ಮೈ ಸವರಿ ನೋಡಿದರು, ಎಲ್ಲಾದರೂ ಪೆಟ್ಟಾಗಿದೆಯೇ ಎಂದು. ಆಮೇಲೆ ಅಚ್ಚಿನ ಹಾಳೆಯನ್ನು ಪಕ್ಕಕ್ಕೆ ಹಿಡಿದು, ಪಂಚರಿಗೆ ಕೇಳುವ ಹಾಗೆ, ಬೆರಳು ಸರಿಸುತ್ತ ಓದಿದರು. ಹೊರಕೇರಿಯ ಮಾಚವ್ವೆ ಎಂಬಲ್ಲಿಗೆ ಬಂದಾಗ ಬದುವಿನ ಮೇಲಿದ್ದ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದರು.

ಸುಭಾಸ ತಾನಾಗಿಯೇ ಮುಂದೆ ಬಂದ. ಅವನದೂ ಅದೇ ಕೇರಿ. ಕೆರೆಗೆ ಹೊಸ ನೀರು ಬಿಟ್ಟರೆ ಕಲ್ಲು ಮುಳುಗುತ್ತದೆ, ಎತ್ತಿಡೋಣ ಎಂದು ಧಣಿಗಳು ಹೇಳಿದ್ದರಂತೆ. ಅವನು ಅಗೆದು, ಹೆಗಲು ಕೊಟ್ಟು ಚಕ್ಕಡಿಗೆ ಏರಿಸಿದ್ದನಂತೆ. ಹೇಳಿಕೆ ಕೊಟ್ಟು ಮುಗಿಸಿದ ಮೇಲೂ ಅವನು ಮಾಸ್ತರರ ಎದುರಿನಿಂದ ಕದಲಲಿಲ್ಲ.

"ನಮ್ಮವ್ವನ ಹೆಸರ ನಾನ ಕಿತ್ತಿ ಒಗದ್ನೇನ್ರಿ ಮಾಸ್ತರ?"

"ಒಗದಿಲ್ಲೋ. ಹೊತ್ತಿ. ತಿರುಗಿ ನಿಲ್ಲಸೂ ಮುಂದೂ ನೀನ ಹೊರಾವ."

ಬಸಂತರಾಯರನ್ನು ೪:೩೦ಕ್ಕೆ ದಸ್ತಗಿರಿ ಮಾಡಲಾಯಿತು. ಅನೀಲಕುಮಾರ ಯಾರಿಗೋ ಫೋನ್ ಹಚ್ಚಲು ರಸ್ತೆಯ ಕಡೆ ಓಡಿದ. ರಾಯರು ರುಮಾಲು ಸರಿಪಡಿಸಿಕೊಂಡು ತಾವಾಗಿಯೇ ಜೀಪು ಹತ್ತಿದರು.

ಠಾಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಕಲ್ಲು ಓದಲು ಮಾಸ್ತರರನ್ನು ನವೆಂಬರಿನಲ್ಲಿ ಕರೆಸಿದವರೇ ಅವರು. ಕಮಾನಿನ ಮೇಲೆ ಬರೆಸಲು ಹಿರಿಯರ ಸರಿಯಾದ ಹೆಸರು, ಕಾಲ ಬೇಕಿತ್ತು. ತಮ್ಮ ಚಕ್ಕಡಿಯಲ್ಲೇ ನೀರಿನ ಕೊಡ ಕಳಿಸಿದ್ದರು. ಗುಂಡವ್ವ ಹಾಳೆ ಬಡಿಯುವಾಗ ಗಾಳಿಗೆ ಹಾರದ ಹಾಗೆ ಅದರ ತುದಿ ಹಿಡಿದು ನಿಂತಿದ್ದರು. ಸಂಜೆ ಮಸಿ ಒತ್ತಿ ಆದ ಮೇಲೆ ಹೆಸರು ಸಿಕ್ಕಿತೇ ಎಂದು ಕೇಳಿದ್ದರು. ಸಿಕ್ಕಿತು, ಆದರೆ ನಿಮ್ಮವರದಲ್ಲ ಎಂದಿದ್ದರು ಮಾಸ್ತರರು.

ಅಣ್ಣತಮ್ಮಂದಿರ ಪಾಲಿನಲ್ಲಿ ಭೂಮಿ ಹರಿದು ಹಂಚಿತ್ತು. ವಾಡೆಯ ಅರ್ಧ ಕುಸಿದಿತ್ತು. ಮಗ ಮಾತು ಕೇಳುತ್ತಿರಲಿಲ್ಲ. ಊರ ಅಗಸಿಯಲ್ಲಿ ನಡೆದು ಹೋಗುವಾಗ ಕೂತವರು ಎದ್ದು ನಿಲ್ಲುತ್ತಿದ್ದುದು ಒಂದೇ ಮಾತಿನ ಬಲದಿಂದ. "ಕೆರಿ ಕಟ್ಟಿದವರ ಮನಿ ಅಂತಾರವ್ವ ನಮಗ. ಅದೊಂದು ತಗದ್ರ ಮತ್ತೇನಂತಾರ? ನನಗ ಅದರಾಚಿ ನನ್ನ ಹೆಸರ ಗೊತ್ತಿದ್ದಿಲ್ಲ," ಎಂದರು. ಒಡೆಯಬೇಕೆಂದು ಹಾರೆ ಎತ್ತಿದ್ದು ನಿಜ, ಶಾಪ ನೆನಪಾಗಿ ಕೈ ಇಳಿಯಿತು ಎಂದರು. ಸುಮಂಗಲಾ ಎಲ್ಲವನ್ನೂ ಬರೆದುಕೊಂಡಳು. ಕರುಣೆ ಬಂತು. ಎಂಟುನೂರು ವರ್ಷ ಹೆಸರಿಲ್ಲದೆ ಹೂಳು ಹೊತ್ತವರೂ ನೆನಪಾದರು. ಬರೆಯುವುದನ್ನು ನಿಲ್ಲಿಸಲಿಲ್ಲ.

ಜಪ್ತಿಯಾಗಿ ಮುದ್ದೆಮಾಲಾದ ಕಲ್ಲು ಠಾಣೆಯ ಅಂಗಳದಲ್ಲಿತ್ತು. ಮಾಸ್ತರರು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಬಿದಿರಿನ ಕಡ್ಡಿಯಿಂದ ಅಕ್ಷರಗಳ ಸಂದಿಯ ಸುಣ್ಣ ತೆಗೆಯುತ್ತಿದ್ದರು. ಕೇರಿಯ ಹೆಂಗಸರು ಗೋಡೆಗುಂಟ ಕೂತು, ಎಳ್ಳಮಾಸಿಯ ಉಳಿದ ಬುತ್ತಿ ಬಿಚ್ಚಿ ಠಾಣೆಯವರಿಗೂ ಕೊಟ್ಟಿದ್ದರು. ಮೆಹರಾಜನ ಕೈಯಲ್ಲಿ ಎರಡನೇ ಕಡುಬಿತ್ತು.

ಕಿಟಕಿಯ ಸರಳಿನ ಆಚೆಯಿಂದ ಬಸಂತರಾಯರು ಮಾಸ್ತರರನ್ನು ಕರೆದರು. ಪುಸ್ತಕದ ಮೊದಲ ಪುಟದಲ್ಲಿ ನೆನೆದವರ ಪೈಕಿ ತಮ್ಮ ಹೆಸರಿದೆ ಎಂದು ಅವರಿಗೆ ಗೊತ್ತಿತ್ತು.

"ರಾವಸಾಬ, ನನ್ನ ಹೆಸರ ತಗದಬಿಡು. ಮಂದಿ ಓದಿ ನಗ್ತಾರ."

ಮಾಸ್ತರರು ಕಡ್ಡಿ ನಿಲ್ಲಿಸಲಿಲ್ಲ. "ನೀವು ಹಾಳಿ ಹಿಡದದ್ದು ನಾ ಕಂಡೇನ್ರಿ. ಕಲ್ಲು ನಿಮ್ಮ ಹೊಲದಾಗ ಇದ್ದದ್ದೂ ಕಂಡೇನಿ. ಎರಡೂ ಇರತಾವ. ತಗಿಯಂಗಿಲ್ಲ."

ರಾಯರು ಸರಳು ಹಿಡಿದುಕೊಂಡು, ಐದನೇ ತಾರೀಖು ಎಷ್ಟು ಗಂಟೆಗೆ ಕಾರ್ಯಕ್ರಮ ಎಂದು ಕೇಳಿದರು.

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ರಿಂಗಾಯಿತು. ಮೇಲಿನ ಸಾಹೇಬರು. ಬಹಳ ಚೆನ್ನಾಗಿ ಕೆಲಸ ಮಾಡಿದ್ದೀ ಎಂದರು ಮೊದಲು. ಕಲ್ಲು ಸಿಕ್ಕಿತು, ಮಾಸ್ತರನ ಮೇಲಿನ ಮಾತು ಹೋಯಿತು, ಎಲ್ಲರಿಗೂ ಸಮಾಧಾನ. ಇನ್ನು ಮುದುಕನನ್ನು ಕೋರ್ಟಿಗೆ ಎಳೆಯುವುದೇಕೆ ಎಂದರು. ತಜ್ಞರ ಅಭಿಪ್ರಾಯ ಗಿಭಿಪ್ರಾಯ ಏನೂ ಬೇಡ. ಕಿಮ್ಮತ್ತಿನ ಅಂಕಣದಲ್ಲಿ ನೂರು ರೂಪಾಯಿ ಎಂದು ಹಾಕು. ಬದುವಿನ ಕಲ್ಲು ಅಷ್ಟೇ. ಐದು ಸಾವಿರದ ಒಳಗಾದರೆ ಗುನ್ನೆ ತಾನಾಗಿಯೇ ಬಿದ್ದು ಹೋಗುತ್ತದೆ, ರಾಯರು ರಾತ್ರಿಯ ಊಟಕ್ಕೆ ಮನೆಯಲ್ಲಿರುತ್ತಾರೆ.

ಸುಮಂಗಲಾ ಕಡತ ಬಿಚ್ಚಿದಳು. ಅಂಕಣ ಖಾಲಿ ಇತ್ತು. ಹೊರಗೆ ಮಾಸ್ತರರ ಕಡ್ಡಿ ಕಲ್ಲಿನ ಮೇಲೆ ಕೆರೆಯುವ ಸದ್ದು ಕೇಳಿಸುತ್ತಿತ್ತು. ಕೇರಿಯ ಮುದುಕಿಯೊಬ್ಬಳು ಆ ಅಕ್ಷರ ಯಾವುದು, ಈ ಅಕ್ಷರ ಯಾವುದು ಎಂದು ಕೇಳುತ್ತಿದ್ದಳು. ಅವರು ಒಂದೊಂದನ್ನೇ ಹೇಳುತ್ತಿದ್ದರು.

"ಏನವ್ವ, ಕೇಳಾಕತ್ತೀಯೋ ಇಲ್ಲೋ? ತವರು ಮುದ್ದೇಬಿಹಾಳ ಸಮೀಪ ಆತು ಅಂತ ಬ್ಯಾಸರ ಬಂದೈತೇನು? ಬೀದರ ಗಡಿಗೆ ವರ್ಗಾ ಆಗಿ ಹೋಗಿ ಬರ್ತಿ?"

"ಹೋಗ್ತೇನ್ರಿ ಸರ್."

"ಹೋಗೂದು ಆಮ್ಯಾಲ. ಈಗ ಬರಿ. ನೂರು ರೂಪಾಯಿ."

ಮೆಹರಾಜ ಕಡುಬು ಕೆಳಗಿಟ್ಟು ಎದ್ದು ನಿಂತಿದ್ದ. ಸುಮಂಗಲಾ ಪೆನ್ನಿನ ಟೋಪಿ ಮುಚ್ಚಿ, ಕಡತದ ಪಕ್ಕಕ್ಕೆ ಇಟ್ಟಳು.

"ಬರಿಯಂಗಿಲ್ರಿ ಸರ್," ಎಂದಳು.